ನಾಲ್ಕು ಹೆಜ್ಜೆ, ಹದಿಮೂರು ವರ್ಷ

ಇತಿಹಾಸ ಪಾಠ ಹೇಳುವವರಿಗೆ ಒಂದು ಕಷ್ಟವಿದೆ. ಪಠ್ಯಪುಸ್ತಕ ಘಟನೆ ನಡೆದ ದಿನವನ್ನಷ್ಟೇ ಕೊಡುತ್ತದೆ. ಅದಕ್ಕೆ ಮೊದಲು ಎಷ್ಟು ದಿನ ಹೋಯಿತು, ಆಮೇಲೆ ಎಷ್ಟು ದಿನ ಹೋಯಿತು ಎಂಬುದನ್ನು ಕೊಡುವುದಿಲ್ಲ. ಯುದ್ಧವೊಂದು ಒಂದು ಮಧ್ಯಾಹ್ನದಲ್ಲಿ ಮುಗಿದುಹೋಗುತ್ತದೆ. ಅದಕ್ಕಾಗಿ ಅಕ್ಕಿ, ಎತ್ತು, ಮದ್ದುಗುಂಡು ಕೂಡಿಹಾಕಿದ ತಿಂಗಳುಗಳಿಗೂ, ಸುಟ್ಟ ಊರನ್ನು ಮತ್ತೆ ಕಟ್ಟಿಕೊಂಡ ವರ್ಷಗಳಿಗೂ ಇಸವಿಗಳ ಪಟ್ಟಿಯಲ್ಲಿ ಜಾಗವಿಲ್ಲ. ನಮ್ಮ ಕಸುಬಿನಲ್ಲೂ ಇದೇ ಕತೆ. ಪರೀಕ್ಷೆ ಮೂರು ಗಂಟೆ ಎಂದು ಊರಿಗೆಲ್ಲ ಗೊತ್ತು. ಉತ್ತರಪತ್ರಿಕೆಗಳ ಕಟ್ಟನ್ನು ಮನೆಗೆ ಹೊತ್ತು ತಂದು, ಒಲೆಯ ಮೇಲೆ ಸಾರು ಕುದಿಯಲು ಬಿಟ್ಟು, ಒಂದೊಂದಾಗಿ ತಿದ್ದಿ, ಅಂಕ ಕೂಡಿ, ಕೂಡಿದ್ದನ್ನು ಇನ್ನೊಮ್ಮೆ ಕೂಡುವವರ ಗಂಟೆಗಳು ಯಾರಿಗೂ ಕಾಣುವುದಿಲ್ಲ.

ಕಾಣದ ಈ ಗಂಟೆಗಳ ಇತಿಹಾಸವನ್ನು ಹುಡುಕಬೇಕು ಎಂದು ನನಗೆ ಅನ್ನಿಸಿದ್ದು, ನನಗೆ ಸಂಬಂಧವೇ ಇಲ್ಲದ ಒಂದು ಕಸುಬಿನ ಕಾರಣದಿಂದ. ಅದಕ್ಕೆ ಮೋಷನ್ ಕ್ಯಾಪ್ಚರ್ ಎನ್ನುತ್ತಾರೆ. ಚಲನೆಯನ್ನು ಹಿಡಿಯುವುದು ಎಂದರ್ಥ. ಸಿನಿಮಾದಲ್ಲಿ, ಕಂಪ್ಯೂಟರ್ ಆಟಗಳಲ್ಲಿ ನಾವು ಕಾಣುವ ರಾಕ್ಷಸರು, ಮಂಗಗಳು, ನೀಲಿ ಮೈಯ ಜನ ಎಲ್ಲರೂ ಮನುಷ್ಯರಂತೆಯೇ ನಡೆಯುತ್ತಾರಲ್ಲ, ಅವರಲ್ಲಿ ಅನೇಕರ ನಡಿಗೆಯನ್ನು ಯಾರೋ ಒಬ್ಬ ನಟ ನಡೆದು ತೋರಿಸಿರುತ್ತಾನೆ. ಅವನು ಮೈಗಂಟುವ ಉಡುಪು ತೊಟ್ಟಿರುತ್ತಾನೆ. ಭುಜ, ಮೊಣಕೈ, ಮಣಿಕಟ್ಟು, ಮಂಡಿ, ಹಿಮ್ಮಡಿ ಹೀಗೆ ಮೈಯ ಗೊತ್ತಾದ ಜಾಗಗಳಲ್ಲಿ ಗೋಲಿ ಗಾತ್ರದ ಹೊಳೆಯುವ ಗುಂಡುಗಳನ್ನು ಅಂಟಿಸಿರುತ್ತಾರೆ. ಸುತ್ತಲೂ ಹತ್ತಾರು ಕ್ಯಾಮರಾಗಳು. ಆ ಕ್ಯಾಮರಾಗಳಿಗೆ ನಟನ ಮುಖ ಬೇಡ, ಬಣ್ಣ ಬೇಡ. ಗುಂಡುಗಳ ಹೊಳಪು ಮಾತ್ರ ಸಾಕು. ಒಂದು ಗುಂಡನ್ನು ಕಡಮೆಯೆಂದರೆ ಎರಡು ಕ್ಯಾಮರಾ ಒಟ್ಟಿಗೆ ನೋಡಿದರೆ ಅದು ಎಲ್ಲಿದೆ ಎಂದು ಲೆಕ್ಕ ಹಾಕಬಹುದು. ಹೀಗೆ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಈ ಕೆಲಸ ಮಾಡುತ್ತಿದ್ದ. ಹೆಸರು ಬೇಡ, ಅವನ ಕಂಪನಿಯ ಹೆಸರೂ ಬೇಡ. ತಂಗಿಯ ಮದುವೆಗೆ ಮುಹೂರ್ತದ ಹೊತ್ತಿಗೆ ಬಂದಿಳಿದವನು, ಎರಡನೇ ಪಂಕ್ತಿಯ ಊಟ ಮುಗಿಯುವ ಮೊದಲೇ ಚೀಲ ಹೆಗಲಿಗೇರಿಸಿದ್ದ. ಕಣ್ಣು ಕೆಂಪಾಗಿದ್ದವು.

"ಏನೋ ಇದು, ಧಾರೆ ಮುಗಿದದ್ದೇ ಹೊರಟುಬಿಟ್ಟೆಯಲ್ಲ?" ಎಂದೆ.

"ಏನು ಮಾಡಲಿ ಟೀಚರ್, ಶೂಟಿಂಗ್ ಎರಡೇ ದಿನ ಇತ್ತು. ಚೆನ್ನಾಗಿ ಆಗ್ತಿದೆ ಅಂತ ಲಿಸ್ಟಿನಲ್ಲಿ ಇಲ್ಲದ್ದನ್ನೂ ಹೊಡೆದುಕೊಂಡು ಬಂದಿದ್ದಾರೆ. ಕೊಡೋ ತಾರೀಕು ಮಾತ್ರ ಬದಲಾಗಿಲ್ಲ. ಇಬ್ಬರು ಕುಸ್ತಿ ಹಿಡಿಯೋ ಒಂದು ಸೀನಿದೆ. ಯಾರ ಮೊಣಕೈ ಯಾರದು ಅಂತ ನಾವು ಕೂತು ಬಿಡಿಸಬೇಕು."

ಯಾರ ಮೊಣಕೈ ಯಾರದು ಎಂಬ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಎರಡು ದಿನದ ಸಂಭ್ರಮ ಒಬ್ಬರದು, ಎರಡು ತಿಂಗಳ ರಾತ್ರಿ ಇನ್ನೊಬ್ಬರದು. ಈ ಹಂಚಿಕೆ ಕಂಪ್ಯೂಟರಿನೊಂದಿಗೆ ಬಂದದ್ದೋ, ಅದಕ್ಕಿಂತ ಹಳೆಯದೋ? ಹುಡುಕುತ್ತ ಹೋದರೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು.

ಮೊದಲು ಸಿಗುವವನು ಎಡ್ವರ್ಡ್ ಮೈಬ್ರಿಜ್. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಛಾಯಾಗ್ರಾಹಕ. ಓಡುವ ಕುದುರೆಯ ನಾಲ್ಕು ಗೊರಸುಗಳೂ ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬ ಪ್ರಶ್ನೆಯನ್ನು ಕ್ಯಾಲಿಫೋರ್ನಿಯಾದ ಶ್ರೀಮಂತ ಲೆಲಾಂಡ್ ಸ್ಟ್ಯಾನ್‌ಫರ್ಡ್ ಅವನ ಮುಂದಿಟ್ಟದ್ದು 1872ರ ಸುಮಾರಿಗೆ. ಸರಿಯಾದ ಉತ್ತರ ಸಿಕ್ಕಿದ್ದು 1878ರ ಜೂನ್ ತಿಂಗಳಲ್ಲಿ, ಪಾಲೋ ಆಲ್ಟೋ ಎಂಬಲ್ಲಿ. ಓಟದ ದಾರಿಯ ಪಕ್ಕ ಹನ್ನೆರಡು ಕ್ಯಾಮರಾಗಳನ್ನು ಸಾಲಾಗಿ ನಿಲ್ಲಿಸಿ, ದಾರಿಗೆ ಅಡ್ಡಲಾಗಿ ದಾರ ಕಟ್ಟಿದ್ದ. ಸ್ಯಾಲಿ ಗಾರ್ಡ್ನರ್ ಎಂಬ ಕುದುರೆ ಓಡುತ್ತ ಒಂದೊಂದು ದಾರ ತಾಗಿದಂತೆ ಒಂದೊಂದು ಕ್ಯಾಮರಾ ಕಣ್ಣು ತೆರೆದು ಮುಚ್ಚಿತು. ಹನ್ನೆರಡು ಚಿತ್ರಗಳೂ ಸೇರಿ ಅರ್ಧ ಸೆಕೆಂಡಿನ ಆಸುಪಾಸು. ನಾಲ್ಕೂ ಗೊರಸು ನೆಲ ಬಿಡುವುದು ನಿಜವೆಂದು ಸಿದ್ಧವಾಯಿತು.

ನಾವು ಮಕ್ಕಳಿಗೆ ಹೇಳುವುದು ಈ ಅರ್ಧ ಸೆಕೆಂಡಿನ ಕತೆ. ಅದರ ಹಿಂದಿನ ಆರು ವರ್ಷ ಬಿಟ್ಟುಹೋಗುತ್ತದೆ. ನನಗೆ ಹಿಡಿಸಿದ್ದು ಆ ಸಿದ್ಧತೆಯ ಒಂದು ಚಿಕ್ಕ ವಿವರ. ಕುದುರೆ ಓಡುವ ದಾರಿಯ ಹಿಂದೆ ಅವನು ಬಿಳಿಯ ಪರದೆ ನಿಲ್ಲಿಸಿ, ಅದರ ಮೇಲೆ ಸಮ ದೂರದಲ್ಲಿ ಗೆರೆ ಎಳೆದು ಸಂಖ್ಯೆ ಹಾಕಿಸಿದ್ದ. ಕುದುರೆಗೆ ಅದರಿಂದ ಏನೂ ಆಗಬೇಕಾಗಿಲ್ಲ. ನಾಳೆ ಚಿತ್ರವನ್ನು ಮುಂದಿಟ್ಟುಕೊಂಡು ಕೂರುವವನಿಗೆ ಆ ಗೆರೆ ಬೇಕು. ಕುದುರೆ ಎಲ್ಲಿಂದ ಎಲ್ಲಿಗೆ ಬಂತು ಎಂದು ಅವನು ಅಳೆಯಬೇಕು. ಆಮೇಲೆ ಕೂರುವವನನ್ನು ಮೊದಲೇ ನೆನೆಯುವುದು, ಈ ಕಸುಬಿನ ಮೊದಲ ಒಳ್ಳೆಯ ಗುಣ ಅದು.

ಆ ಗುಣ ಇನ್ನೂ ಹೆಚ್ಚಾಗಿದ್ದವನು ಫ್ರಾನ್ಸಿನ ಶರೀರಶಾಸ್ತ್ರಜ್ಞ ಎತಿಯೆನ್ ಜೂಲ್ ಮರೆ. ಪ್ಯಾರಿಸ್ಸಿನ ಅಂಚಿನಲ್ಲಿ 1882ರಲ್ಲಿ ಅವನಿಗೊಂದು ಸಂಶೋಧನಾ ಕೇಂದ್ರ ಸಿಕ್ಕಿತು. ಅವನು ಹಲವು ಕ್ಯಾಮರಾ ಬಿಟ್ಟು ಒಂದೇ ಕ್ಯಾಮರಾ ಇಟ್ಟುಕೊಂಡು, ಒಂದೇ ಗಾಜಿನ ಫಲಕದ ಮೇಲೆ ಮತ್ತೆ ಮತ್ತೆ ಬೆಳಕು ಬೀಳಿಸಿ, ನಡೆಯುವ ಮನುಷ್ಯನ ಎಲ್ಲ ಭಂಗಿಗಳನ್ನೂ ಸಾಲಾಗಿ ಮೂಡಿಸುತ್ತಿದ್ದ. ಆದರೆ ಭಂಗಿಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತಿದ್ದವು. ಸೆಕೆಂಡಿಗೆ ಹೆಚ್ಚು ಚಿತ್ರ ತೆಗೆದಷ್ಟೂ ಕಲಸುಮೇಲೋಗರ ಹೆಚ್ಚು.

ಮರೆ ಕಂಡುಕೊಂಡ ಉಪಾಯ ಈಗ ನೋಡಿದರೆ ತೀರ ಸರಳ. ನಡೆಯುವವನಿಗೆ ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ ತೊಡಿಸಿದ. ತೋಳಿನ ಉದ್ದಕ್ಕೂ ಕಾಲಿನ ಉದ್ದಕ್ಕೂ ಬಿಳಿಯ ಪಟ್ಟಿ ಹಚ್ಚಿ, ಕೀಲುಗಳ ಮೇಲೆ ಹೊಳೆಯುವ ಗುಂಡಿಗಳನ್ನಿಟ್ಟ. ಹಿಂದೆ ಕಪ್ಪು ಗೋಡೆ. ಚಿತ್ರದಲ್ಲಿ ಮನುಷ್ಯ ಮಾಯವಾಗಿ, ಬಿಳಿಯ ಗೆರೆಗಳಷ್ಟೇ ಉಳಿದವು, ಬೀಸಣಿಗೆ ಬಿಚ್ಚಿದ ಹಾಗೆ. ಬೇಡದ್ದನ್ನೆಲ್ಲ ತೆಗೆಯುವ ಕೆಲಸವನ್ನು ಆಮೇಲೆ ಮಾಡುವ ಬದಲು, ಚಿತ್ರ ತೆಗೆಯುವ ಮೊದಲೇ ಮಾಡಿದ್ದ ಅವನು. ಅಕ್ಕಿ ಒಲೆಗೇರಿಸುವ ಮೊದಲು ಕಲ್ಲು ಆರಿಸುತ್ತೇವೆ. ಊಟಕ್ಕೆ ಕೂತ ಮೇಲೆ ಆರಿಸಹೊರಟರೆ ಹಲ್ಲಿಗೆ ಅಪಾಯ. ಇಂದಿನ ನಟರು ತೊಡುವ ಉಡುಪಿಗೆ ಅಜ್ಜನ ಮನೆ ಮರೆಯ ಆ ಕಪ್ಪು ಅಂಗಿ.

ಈ ಎರಡು ಕತೆಗಳಿಗಿಂತಲೂ ನನ್ನನ್ನು ಬಹಳ ದಿನ ಬಿಡದೆ ಕಾಡಿದ್ದು ಜರ್ಮನಿಯ ಲೈಪ್‌ಜಿಗ್ ನಗರದ ಇಬ್ಬರ ಕತೆ. ಒಬ್ಬರು ವಿಲ್ಹೆಲ್ಮ್ ಬ್ರೌನೆ, ಅಂಗರಚನಾಶಾಸ್ತ್ರದ ಹಿರಿಯ ಪ್ರಾಧ್ಯಾಪಕರು, 1831ರಲ್ಲಿ ಹುಟ್ಟಿದವರು. ಇನ್ನೊಬ್ಬರು ಓಟ್ಟೋ ಫಿಷರ್, ಅವರಿಗಿಂತ ಮೂವತ್ತು ವರ್ಷ ಕಿರಿಯ, ಗಣಿತ ಬಲ್ಲವರು. ಮನುಷ್ಯನ ಮೈಯ ಭಾರ ಎಲ್ಲಿ ನಿಲ್ಲುತ್ತದೆ, ಅಂಗಾಂಗಗಳ ತೂಕ ಎಷ್ಟೆಷ್ಟು ಎಂಬುದನ್ನು ಇಬ್ಬರೂ ಸೇರಿ ಅಳೆದು 1889ರಲ್ಲಿ ಪ್ರಕಟಿಸಿದ್ದರು. ಸೈನಿಕನೊಬ್ಬ ಬೆನ್ನಿಗೆ ಹೊರೆ, ಹೆಗಲಿಗೆ ಬಂದೂಕು ಹೊತ್ತು ನಡೆದರೆ ಅವನ ಮೈಮೇಲೆ ಏನಾಗುತ್ತದೆ ಎಂಬುದೂ ಅವರ ಕುತೂಹಲಕ್ಕೆ ಸೇರಿತ್ತು. ಅದಕ್ಕೆ ನಡಿಗೆಯನ್ನು ಅಳೆಯಬೇಕು. ಮರೆ ಮಾಡಿದ ಹಾಗೆ ಒಂದು ಪಕ್ಕದಿಂದ ನೋಡಿದರೆ ಸಾಲದು. ಉದ್ದ, ಅಗಲ, ಎತ್ತರ ಮೂರೂ ಬೇಕು.

ಪ್ರಯೋಗ ನಡೆದದ್ದು 1891ರಲ್ಲಿ. ಕಪ್ಪು ಉಡುಪು ತೊಟ್ಟ ಒಬ್ಬ ಯುವಕನ ಮೈಗೆ ಹನ್ನೊಂದು ತೆಳ್ಳಗಿನ ಗಾಜಿನ ಕೊಳವೆಗಳನ್ನು ಕಟ್ಟಿದರು. ಒಳಗೆ ಅನಿಲ ತುಂಬಿ, ವಿದ್ಯುತ್ ಹರಿಸಿದರೆ ಮಿನುಗುವ ಗೈಸ್ಲರ್ ಕೊಳವೆಗಳು ಅವು. ಸೆಕೆಂಡಿಗೆ ಸುಮಾರು 26 ಸಲ ಮಿನುಗುವಂತೆ ಏರ್ಪಾಡು. ಸುತ್ತ ನಾಲ್ಕು ಕ್ಯಾಮರಾ. ಕೋಣೆಯನ್ನು ಹಗಲಲ್ಲಿ ಪೂರ್ತಿ ಕತ್ತಲಾಗಿಸಲು ಸಾಧ್ಯವಿರಲಿಲ್ಲವಾದ್ದರಿಂದ ರಾತ್ರಿಯಾಗುವವರೆಗೆ ಕಾದರು. ನಡೆಯುವವನಿಗೆ ವಿದ್ಯುತ್ತಿನ ಹೊಡೆತ ತಾಗದ ಹಾಗೆ ಕೊಳವೆಗಳನ್ನು ಬಿಗಿಯುವುದಕ್ಕೇ ಆರರಿಂದ ಎಂಟು ಗಂಟೆ ಹಿಡಿಯಿತು. ನಮ್ಮ ಮಲೆನಾಡಿನಲ್ಲಿ ಯಕ್ಷಗಾನದ ಬಣ್ಣದ ವೇಷಕ್ಕೆ ಚೌಕಿಯಲ್ಲಿ ಗಂಟೆಗಟ್ಟಲೆ ಕೂರುವವರನ್ನು ಕಂಡಿದ್ದೇನೆ; ಇದು ಅದನ್ನೂ ಮೀರಿಸಿತು. ಇಡೀ ಪ್ರಯೋಗಕ್ಕೆ ಹತ್ತು ಹನ್ನೆರಡು ಗಂಟೆ. ಅದರಲ್ಲಿ ಯುವಕ ನಿಜವಾಗಿ ನಡೆದದ್ದು ಕೆಲವೇ ಹೆಜ್ಜೆ, ಕೆಲವೇ ಸೆಕೆಂಡು. ಬರಿಗೈಯಲ್ಲಿ ಎರಡು ಸಲ, ಸೈನಿಕನ ಹೊರೆ ಹೊತ್ತು ಒಂದು ಸಲ.

ದೀಪ ಆರಿತು. ಆಮೇಲೆ ಶುರುವಾಯಿತು ಲೆಕ್ಕ.

ಒಂದು ಜೋಡಿ ಹೆಜ್ಜೆಯನ್ನು ಅವರು 31 ಹಂತಗಳಾಗಿ ವಿಂಗಡಿಸಿದರು. ಹನ್ನೊಂದು ಕೊಳವೆ, ಮೂವತ್ತೊಂದು ಹಂತ. ಗುಣಿಸಿದರೆ 341. ಪ್ರತಿಯೊಂದನ್ನೂ ಒಂದಕ್ಕಿಂತ ಹೆಚ್ಚು ಕ್ಯಾಮರಾದ ಫಲಕದಲ್ಲಿ ಹುಡುಕಿ, ಸೂಕ್ಷ್ಮದರ್ಶಕ ಹೂಡಿದ ಅಳತೆಯ ಯಂತ್ರದಲ್ಲಿ ನೋಡಿ, ಅಂಕಿ ಬರೆದುಕೊಳ್ಳಬೇಕು. ಎರಡು ಫಲಕದ ಅಂಕಿಗಳನ್ನು ಕೂಡಿಸಿ ಮೂರು ಆಯಾಮದ ಸ್ಥಾನ ಕಂಡುಹಿಡಿಯಬೇಕು. ಅದರಿಂದ ಕೀಲಿನ ಸ್ಥಾನ, ಕೀಲಿನಿಂದ ಅಂಗದ ಭಾರಕೇಂದ್ರ, ಅದರಿಂದ ವೇಗ, ವೇಗದಿಂದ ಬಲ. ಇದೆಲ್ಲ ಮೂರು ನಡಿಗೆಗಳಿಗೆ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಪೆನ್ನು ಕಾಗದದಲ್ಲಿ. ಒಂದು ಅಂಕಿ ತಪ್ಪಿದರೆ ಅದರ ಮೇಲೆ ಕಟ್ಟಿದ್ದೆಲ್ಲ ತಪ್ಪು.

ಬ್ರೌನೆ 1892ರಲ್ಲಿ ತೀರಿಕೊಂಡರು. ನಡಿಗೆಯ ರಾತ್ರಿ ಕಳೆದು ಒಂದು ವರ್ಷವೂ ತುಂಬಿರಲಿಲ್ಲ. ಮೂವತ್ತರ ಹರೆಯದ ಫಿಷರ್ ಮುಂದೆ ಗಾಜಿನ ಫಲಕಗಳು ಉಳಿದವು. 'ಮನುಷ್ಯನ ನಡಿಗೆ' ಎಂಬ ಅರ್ಥದ ಹೆಸರಿನ ಆ ಗ್ರಂಥದ ಮೊದಲ ಭಾಗ 1895ರಲ್ಲಿ ಬಂತು, ಆರನೆಯ ಹಾಗೂ ಕೊನೆಯ ಭಾಗ 1904ರಲ್ಲಿ. ಕೆಲವು ಸೆಕೆಂಡಿನ ನಡಿಗೆಗೆ ಹದಿಮೂರು ವರ್ಷ. ಮನುಷ್ಯನ ನಡಿಗೆಯನ್ನು ಮೂರು ಆಯಾಮದಲ್ಲಿ ಲೆಕ್ಕಕ್ಕೆ ತಂದ ಮೊದಲ ದೊಡ್ಡ ಕೆಲಸ ಅದು. ಇಂದಿಗೂ ನಡಿಗೆಯನ್ನು ಅಭ್ಯಾಸ ಮಾಡುವ ವೈದ್ಯರು, ಎಂಜಿನಿಯರುಗಳು ಆ ಇಬ್ಬರ ಹೆಸರಿನಿಂದ ಪಾಠ ಆರಂಭಿಸುತ್ತಾರೆ.

ಅವರಿಗೆ ಹದಿಮೂರು ವರ್ಷ ಸಾಧ್ಯವಾಯಿತು, ಏಕೆಂದರೆ ಯಾರೂ ಬಾಗಿಲಲ್ಲಿ ನಿಂತು ಕೇಳುತ್ತಿರಲಿಲ್ಲ. ಚಲನೆ ಹಿಡಿಯುವ ವಿದ್ಯೆ ಪ್ರಯೋಗಶಾಲೆಯಿಂದ ಪೇಟೆಗೆ ಬಂದಾಗ ಕತೆ ಬದಲಾಯಿತು. ಅಮೆರಿಕದ ಮ್ಯಾಕ್ಸ್ ಫ್ಲೈಷರ್ ಎಂಬ ವ್ಯಂಗ್ಯಚಿತ್ರಕಾರ 1915ರಲ್ಲಿ ರೋಟೋಸ್ಕೋಪ್ ಎಂಬ ಉಪಕರಣಕ್ಕೆ ಪೇಟೆಂಟ್ ಅರ್ಜಿ ಹಾಕಿದ. 1917ರಲ್ಲಿ ಅದು ಮಂಜೂರಾಯಿತು. ತಮ್ಮ ಡೇವ್‌ಗೆ ವಿದೂಷಕನ ಬಟ್ಟೆ ತೊಡಿಸಿ ಕುಣಿಸಿ ಸಿನಿಮಾ ತೆಗೆದು, ಅದರ ಒಂದೊಂದು ಚೌಕವನ್ನೂ ಗಾಜಿನ ಮೇಲೆ ಬೀಳಿಸಿ, ಕಾಗದವಿಟ್ಟು ತಿದ್ದುವುದು ಅವನ ವಿಧಾನ. ನಟನೆಯದು ಒಂದು ಲೆಕ್ಕವಾದರೆ ತಿದ್ದುವುದು ಅದರ ನೂರಾರು ಪಟ್ಟು. ಡಿಸ್ನಿ ಕಂಪನಿ 1937ರಲ್ಲಿ 'ಸ್ನೋ ವೈಟ್' ಬಿಡುಗಡೆ ಮಾಡುವ ಮೊದಲು ಮಾರ್ಜರಿ ಬೆಲ್ಚರ್ ಎಂಬ ನೃತ್ಯಗಾತಿಯನ್ನು ಕರೆಸಿ ಆ ರಾಜಕುಮಾರಿಯ ಪಾತ್ರವನ್ನು ಅಭಿನಯಿಸಿ ತೋರಿಸಲು ಹೇಳಿ, ಅದನ್ನು ಚಿತ್ರಕಾರರ ಮುಂದಿಟ್ಟಿತು.

ಕಂಪ್ಯೂಟರ್ ಬಂದ ಮೇಲೆ ಈ ತೊಂದರೆ ತಪ್ಪಿತು ಎಂದು ನಾನೂ ಭಾವಿಸಬಹುದಿತ್ತು. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಅಮೆರಿಕದಲ್ಲಿ 1985ರ ಜನವರಿಯ ದೊಡ್ಡ ಫುಟ್‌ಬಾಲ್ ಪಂದ್ಯದ ನಡುವೆ ತೋರಿಸಲು ಡಬ್ಬಿ ಆಹಾರದ ಒಂದು ಜಾಹೀರಾತು ಬೇಕಾಗಿತ್ತು. ಅದನ್ನು ವಹಿಸಿಕೊಂಡದ್ದು ರಾಬರ್ಟ್ ಏಬಲ್ ಅವರ ಸಂಸ್ಥೆ. ಲೋಹದ ಮೈಯ ಹೆಂಗಸೊಬ್ಬಳು ಕೂತು ಮಾತಾಡಬೇಕು. ಜೀವಂತ ನಟಿಯೊಬ್ಬಳ 18 ಕೀಲುಗಳ ಮೇಲೆ ಕಪ್ಪು ಚುಕ್ಕೆ ಇಟ್ಟು, ಅವಳ ಚಲನೆಯನ್ನು ಹಲವು ಕೋನಗಳಿಂದ ಚಿತ್ರ ತೆಗೆದು, ಆ ಚುಕ್ಕೆಗಳಿಂದ ಕಂಪ್ಯೂಟರಿನ ಗೊಂಬೆಗೆ ಚಲನೆ ತುಂಬಿದರು. ಅದು ಮೂವತ್ತು ಸೆಕೆಂಡಿನ ಜಾಹೀರಾತು. ಆದರೆ ಕೊಡುವ ದಿನ ಹತ್ತಿರ ಬಂದಾಗ ತಮ್ಮ ಕಂಪ್ಯೂಟರುಗಳ ಶಕ್ತಿ ಸಾಲದೆ, ದೇಶದ ಬೇರೆ ಬೇರೆ ಕಡೆಯ ಕಂಪ್ಯೂಟರುಗಳ ನೆರವು ಬೇಡಿ ಮುಗಿಸಬೇಕಾಯಿತು. ಪಂದ್ಯದ ದಿನ ಯಾರಿಗೂ ಕಾಯುವುದಿಲ್ಲವಲ್ಲ.

ಐದು ವರ್ಷದ ಬಳಿಕ, 1990ರ 'ಟೋಟಲ್ ರಿಕಾಲ್' ಚಿತ್ರದಲ್ಲಿ ಇನ್ನೊಂದು ಪಾಠ. ಜನ ಒಂದು ಪರದೆಯ ಹಿಂದೆ ನಡೆದು ಹೋಗುವಾಗ ಅವರ ಅಸ್ಥಿಪಂಜರ ಮಾತ್ರ ಕಾಣುವ ಒಂದು ದೃಶ್ಯ ಅದರಲ್ಲಿದೆ. ನಾಯಕ ಆರ್ನಾಲ್ಡ್ ಶ್ವಾರ್ಜೆನೆಗರ್ ಮತ್ತು ಇತರರ ನಡಿಗೆಯನ್ನು ಮೋಷನ್ ಕ್ಯಾಪ್ಚರ್ ವಿಧಾನದಲ್ಲಿ ಹಿಡಿದಿದ್ದರು. ಹಿಡಿದದ್ದು ಬಳಕೆಗೆ ಬರಲಿಲ್ಲ. ಕೊನೆಗೆ ಕಲಾವಿದರು ಕೂತು ಕೈಯಿಂದಲೇ ಆ ಅಸ್ಥಿಪಂಜರಗಳನ್ನು ನಡೆಸಿದರು. ಆ ವರ್ಷ ದೃಶ್ಯವೈಭವಕ್ಕೆಂದು ವಿಶೇಷ ಆಸ್ಕರ್ ಪಡೆದ ತಂಡದಲ್ಲಿ ಈ ದೃಶ್ಯದ ಹೊಣೆ ಹೊತ್ತ ಟಿಮ್ ಮೆಕ್‌ಗವರ್ನ್ ಅವರೂ ಇದ್ದರು. ಹಿಡಿದ ಚಲನೆ ಹಿಡಿದ ಜಾಗದಲ್ಲಿಯೇ ಸರಿಯಾಗಿದೆಯೇ ಎಂದು ನೋಡಿಕೊಳ್ಳಬೇಕು, ನಟರು ಮನೆಗೆ ಹೋದ ಮೇಲೆ ನೋಡಿದರೆ ಪ್ರಯೋಜನವಿಲ್ಲ ಎಂಬುದು ಈ ಕಸುಬಿನವರು ಇಂಥ ಅನುಭವಗಳಿಂದ ಕಲಿತ ನೀತಿ.

ಹಾಗಾದರೆ ಈಗ ಒಂದು ದಿನದ ಶೂಟಿಂಗನ್ನು ಹೇಗೆ ಹಂಚುತ್ತಾರೆ? ಇದನ್ನು ನನ್ನ ವಿದ್ಯಾರ್ಥಿ ಮತ್ತೊಮ್ಮೆ ಊರಿಗೆ ಬಂದಾಗ, ಬಿಡುವಾಗಿ ಕೂತು ಹೇಳಿದ. ಟಿಪ್ಪಣಿ ಪುಸ್ತಕ ತೆಗೆದು ಬರೆದುಕೊಂಡೆ. ಪಾಠ ಹೇಳಿಸಿಕೊಳ್ಳುವ ಸರದಿ ನನ್ನದಾಗಿತ್ತು.

ಬೆಳಗ್ಗೆ ಮೊದಲ ಕೆಲಸ ಕ್ಯಾಮರಾಗಳಿಗೆ ಜಾಗ ಪರಿಚಯ ಮಾಡಿಸುವುದು. ಅಳತೆ ಗೊತ್ತಿರುವ ಒಂದು ಕೋಲನ್ನು ಕೋಣೆಯ ತುಂಬ ಬೀಸುತ್ತ ಒಬ್ಬ ತಿರುಗುತ್ತಾನೆ. ಅದನ್ನು ನೋಡಿ ಪ್ರತಿ ಕ್ಯಾಮರಾ ಎಲ್ಲಿ ನಿಂತಿದೆ ಎಂಬುದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಯಾರಾದರೂ ಒಂದು ಕ್ಯಾಮರಾಕ್ಕೆ ಭುಜ ತಾಗಿಸಿದರೆ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಇನ್ನೊಂದು ಕಡೆ ನಟರಿಗೆ ಉಡುಪು ತೊಡಿಸಿ ಗುಂಡು ಅಂಟಿಸುತ್ತಾರೆ. ಬಳಿಕ ನಟ ಎರಡೂ ಕೈ ಚಾಚಿ, ಹೊಲದ ಬೆದರುಬೊಂಬೆಯಂತೆ ನಿಲ್ಲಬೇಕು. ಒಂದೊಂದು ಕೀಲನ್ನೂ ಬಗ್ಗಿಸಿ ತಿರುಗಿಸಿ ತೋರಿಸಬೇಕು. ಅದರಿಂದ ಈ ನಟನ ತೋಳು ಇಷ್ಟುದ್ದ, ಮಂಡಿ ಇಲ್ಲಿ ಎಂದು ಯಂತ್ರಕ್ಕೆ ತಿಳಿಯುತ್ತದೆ. ಇದೆಲ್ಲ ಆಗುವಷ್ಟರಲ್ಲಿ ಬೆಳಗಿನ ಒಳ್ಳೆಯ ಹೊತ್ತು ಕಳೆದಿರುತ್ತದೆ. ಒಂಬತ್ತಕ್ಕೆ ಬಂದ ನಿರ್ದೇಶಕ ಒಂಬತ್ತೂಕಾಲಿಗೆ ನಟನೆ ಶುರುವಾಗಲಿ ಎಂದರೆ, ಅವನು ಯೋಜನೆ ಮಾಡದೆ ಬಂದವನು ಎಂದೇ ಅರ್ಥ.

ಆಮೇಲೆ ಪಟ್ಟಿ. ಯಾವ ಚಲನೆ, ಎಷ್ಟು ಸೆಕೆಂಡು, ಎಷ್ಟು ಜನ, ಕೈಯಲ್ಲಿ ಏನಿದೆ, ನೆಲಕ್ಕೆ ಬೀಳುವುದಿದೆಯೇ. ಒಬ್ಬನೇ ನಡೆಯುವುದು ಸುಲಭ. ಇಬ್ಬರು ಅಪ್ಪಿಕೊಂಡರೆ ಎದೆಯ ಮೇಲಿನ ಗುಂಡುಗಳು ಕ್ಯಾಮರಾಗಳಿಂದ ಮರೆಯಾಗುತ್ತವೆ. ನೆಲದಲ್ಲಿ ಹೊರಳಿದರೆ ಬೆನ್ನಿನವು ಕಾಣುವುದಿಲ್ಲ, ಒಂದೆರಡು ಕಿತ್ತು ಬೀಳುವುದೂ ಉಂಟು. ಆದ್ದರಿಂದ ತಿಳಿದವರು ಸೆಕೆಂಡುಗಳನ್ನು ಮಾತ್ರ ಎಣಿಸುವುದಿಲ್ಲ. ಯಾವ ಸೆಕೆಂಡು ಎಂಥದ್ದು ಎಂದೂ ನೋಡುತ್ತಾರೆ. ಪ್ರತಿ ಸಲ ತೆಗೆದದ್ದಕ್ಕೂ ಹೆಸರು, ಸಂಖ್ಯೆ. ಪಕ್ಕದಲ್ಲಿ ಮಾಮೂಲಿ ವಿಡಿಯೋ ಕ್ಯಾಮರಾ ಒಂದು ಓಡುತ್ತಲೇ ಇರಬೇಕು, ಚುಕ್ಕೆಗಳು ಗೊಂದಲವಾದಾಗ ನಿಜವಾಗಿ ಏನಾಯಿತು ಎಂದು ನೋಡಲು.

ಶೂಟಿಂಗ್ ಮುಗಿದ ಮೇಲಿನದು ನನ್ನ ವಿದ್ಯಾರ್ಥಿಯ ಕೆಲಸ. ಅವನ ಮುಂದೆ ನಾನೊಂದು ಲೆಕ್ಕ ಹಾಕಿದೆ. ಒಬ್ಬ ನಟನ ಮೈಮೇಲೆ ಐವತ್ತು ಗುಂಡು, ಸೆಕೆಂಡಿಗೆ 120 ಚಿತ್ರ ಎಂದಿಟ್ಟುಕೊಳ್ಳಿ. ಒಂದು ನಿಮಿಷಕ್ಕೆ 3,60,000 ಸ್ಥಾನಗಳು. ಫಿಷರ್ ಅವರ 341 ಎಲ್ಲಿ, ಇದೆಲ್ಲಿ! ಲೆಕ್ಕವನ್ನು ಈಗ ಯಂತ್ರವೇ ಮಾಡುತ್ತದೆ, ನಿಜ. ಆದರೆ ಗುಂಡುಗಳೆಲ್ಲ ಒಂದೇ ಥರ. ಅವುಗಳ ಮೇಲೆ ಹೆಸರು ಬರೆದಿಲ್ಲ. ಇದು ಎಡಮಣಿಕಟ್ಟು, ಇದು ಬಲಮಂಡಿ ಎಂದು ಯಂತ್ರ ಗುರುತು ಹಾಕುತ್ತ ಹೋಗುತ್ತದೆ. ಎರಡು ಗುಂಡು ಹತ್ತಿರ ಬಂದಾಗ ಅದಕ್ಕೆ ಅದಲುಬದಲಾಗುವುದುಂಟು. ಒಂದು ಮರೆಯಾದರೆ ಅಷ್ಟು ಹೊತ್ತು ಖಾಲಿ. ಖಾಲಿ ಜಾಗ ತುಂಬಬೇಕು, ನಡುಕ ತೆಗೆಯಬೇಕು, ಕಾಲು ನೆಲದಲ್ಲಿ ಜಾರದಂತೆ ಊರಿಸಬೇಕು. ಕೊನೆಗೆ ಐದೂವರೆ ಅಡಿಯ ನಟನ ಚಲನೆಯನ್ನು ಹತ್ತಡಿಯ ರಾಕ್ಷಸನಿಗೆ ಹೊಂದಿಸಬೇಕು. ರಾಕ್ಷಸನಿಗೆ ಹೊಟ್ಟೆ ದಪ್ಪವಿದ್ದರೆ ನಟನ ಕೈ ಅದರೊಳಗೇ ಹೋಗಿಬಿಡುತ್ತದಂತೆ! ಉಪಕರಣಗಳು ವರ್ಷದಿಂದ ವರ್ಷಕ್ಕೆ ಜಾಣವಾಗುತ್ತಿವೆ. ಆದರೂ ಕೊನೆಯಲ್ಲಿ ಸರಿಯೆನ್ನಲು ಒಂದು ಜೊತೆ ಕಣ್ಣು ಬೇಕು.

"ಇದಕ್ಕೆ ಉಪಾಯವೇ ಇಲ್ಲವೇನೋ?" ಎಂದೆ.

"ಇದೆ ಟೀಚರ್. ತೆಗೆದಿದ್ದನ್ನೆಲ್ಲ ನಮಗೆ ತಳ್ಳಬಾರದು. ಹತ್ತು ಸಲ ತೆಗೆದಿದ್ದರೆ ಯಾವುದು ಬೇಕು ಅಂತ ಮೊದಲು ಆರಿಸಬೇಕು. ಎಲ್ಲಿಂದ ಎಲ್ಲಿವರೆಗೆ ಅಂತ ಗುರುತು ಹಾಕಿಕೊಡಬೇಕು. ಮೊದಲು ಒಂದು ಸಣ್ಣ ತುಣುಕು ಪೂರ್ತಿ ಮಾಡಿ ನೋಡಿ, ಅದಕ್ಕೆ ಎಷ್ಟು ಹೊತ್ತಾಯ್ತು ಅಂತ ಲೆಕ್ಕ ಇಟ್ಟು, ಆಮೇಲೆ ತಾರೀಕು ಹೇಳಬೇಕು."

ಅವನ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಒಂದು ತುಣುಕನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ನೋಡದೆ ಯಾರಿಗೂ ದಿನ ಕೊಡಬೇಡ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಮೌಲ್ಯಮಾಪನ ಕೇಂದ್ರದಲ್ಲಿ ಹಿರಿಯ ಉಪಾಧ್ಯಾಯಿನಿಯೊಬ್ಬರು ಹೇಳುತ್ತಿದ್ದದ್ದೂ ಇದನ್ನೇ. ಕಟ್ಟು ನೋಡಿ ಸಂಜೆಗೆ ಮುಗಿಸುತ್ತೇನೆ ಎನ್ನಬೇಡಮ್ಮ, ಹತ್ತು ಪತ್ರಿಕೆ ತಿದ್ದಿ ಗಡಿಯಾರ ನೋಡು, ಆಮೇಲೆ ಹೇಳು.

ದೊಡ್ಡ ಚಿತ್ರಗಳ ಇಸವಿಗಳನ್ನು ಈ ಕಣ್ಣಿನಿಂದ ನೋಡಿದರೆ ಬೇರೆಯೇ ಅರ್ಥ ಬರುತ್ತದೆ. ಮೋಷನ್ ಕ್ಯಾಪ್ಚರನ್ನೇ ಮುಖ್ಯವಾಗಿ ನೆಚ್ಚಿ ಮಾಡಿದ ಮೊದಲ ಪೂರ್ಣಾವಧಿ ಚಿತ್ರವೆಂದು ಹೆಸರಾದ, 2000ದಲ್ಲಿ ತೆರೆಕಂಡ ಸಿಂದ್‌ಬಾದನ ಚಿತ್ರದ ಹಿಂದೆ ನಮ್ಮ ಪಕ್ಕದ ಚೆನ್ನೈನ ಪೆಂಟಾಮೀಡಿಯಾ ಕಂಪನಿ ಇತ್ತು. ಬೆಂಗಳೂರಿನ ಬಸ್ಸಿನಲ್ಲಿ ಟಿಕೆಟ್ ಹರಿದ ರಜನಿಕಾಂತ್ ಮತ್ತು ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ನಟಿಸಿದ 'ಕೊಚ್ಚಡೈಯಾನ್'ಗೆ ಚಿತ್ರೀಕರಣ ನಡೆದದ್ದು 2012ರಲ್ಲಿ. ಬಿಡುಗಡೆಯ ದಿನ ಮತ್ತೆ ಮತ್ತೆ ಮುಂದೆ ಹೋಗಿ, ಚಿತ್ರ ತೆರೆಗೆ ಬಂದದ್ದು 2014ರ ಮೇ ತಿಂಗಳಲ್ಲಿ. ಆಗಲೂ ಗೊಂಬೆಗಳ ಚಲನೆ ಹದಕ್ಕೆ ಬಂದಿಲ್ಲವೆಂದು ವಿಮರ್ಶಕರು ಗೊಣಗಿದರು. ಜೇಮ್ಸ್ ಕ್ಯಾಮರಾನ್ ಅವರ ಎರಡನೇ 'ಅವತಾರ್' ಚಿತ್ರಕ್ಕೆ ನಟನೆ ಹಿಡಿಯುವ ಕೆಲಸ 2017ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಚಿತ್ರ ಬಂದದ್ದು 2022ರ ಡಿಸೆಂಬರಿನಲ್ಲಿ. ಐದು ವರ್ಷ. ಅದರಲ್ಲಿ ಮಕ್ಕಳ ಪಾತ್ರಗಳಿದ್ದವು. ಮಕ್ಕಳು ಬೆಳೆಯುತ್ತಾರೆ, ಯಾರ ವೇಳಾಪಟ್ಟಿಗೂ ಕಾಯುವುದಿಲ್ಲ ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಅದಕ್ಕಾಗಿ ಮುಂದಿನ ಭಾಗಕ್ಕೆ ಬೇಕಾದ ನಟನೆಯನ್ನೂ ಆಗಲೇ ಹಿಡಿದಿಟ್ಟರು. ಆ ಮೂರನೇ ಚಿತ್ರ ತೆರೆಗೆ ಬಂದದ್ದು 2025ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಆ ಮಕ್ಕಳಿಗೆ ಮೀಸೆ ಬಂದಿತ್ತು. ನೀರಿನೊಳಗೆ ನಟಿಸಬೇಕಾದ ಕಡೆ ದೊಡ್ಡ ತೊಟ್ಟಿ ಕಟ್ಟಿ, ಮೇಲಿನ ಬೆಳಕು ಒಳಗೆ ಹೊಳೆದು ಕ್ಯಾಮರಾಗಳನ್ನು ಗೊಂದಲಗೊಳಿಸದಿರಲೆಂದು ನೀರಿನ ಮೇಲ್ಮೈಗೆ ಚಿಕ್ಕ ಚಿಕ್ಕ ಬಿಳಿ ಚೆಂಡುಗಳನ್ನು ಹರಡಿದ್ದರು. ಮೈಬ್ರಿಜ್ ಪರದೆಯ ಮೇಲೆ ಗೆರೆ ಎಳೆಸಿದ್ದಕ್ಕೂ ಇದಕ್ಕೂ ಬುದ್ಧಿ ಒಂದೇ. ಆಮೇಲೆ ಕೂರುವವನ ಕಷ್ಟವನ್ನು ಮೊದಲೇ ಎತ್ತಿಡುವುದು.

ನೂರೈವತ್ತು ವರ್ಷದ ಈ ಕತೆಯಲ್ಲಿ ನನಗೆ ಕಂಡದ್ದು ಒಂದೇ ಮಾತು. ಚಲನೆ ಹಿಡಿಯುವ ಕ್ಷಣ ಯಾವಾಗಲೂ ಚಿಕ್ಕದು. ಅದು ಅರ್ಧ ಸೆಕೆಂಡಿರಲಿ, ಎರಡು ದಿನವಿರಲಿ. ಅದರ ಆಚೆಗಿನ ಹೊತ್ತು ಯಾವಾಗಲೂ ದೊಡ್ಡದು. ಯಂತ್ರಗಳು ಅದನ್ನು ಕುಗ್ಗಿಸುತ್ತವೆ, ಕುಗ್ಗಿದಷ್ಟಕ್ಕೂ ನಾವು ಹೆಚ್ಚು ಹೆಚ್ಚು ಹಿಡಿದು ತರುತ್ತೇವೆ. ಹೀಗಿರುವಾಗ ಹೊತ್ತಿನ ಯೋಜನೆ ಮಾಡುವುದೆಂದರೆ ಶೂಟಿಂಗಿನ ದಿನಕ್ಕೆ ಹಾಲ್ ಬುಕ್ ಮಾಡುವುದಲ್ಲ. ದೀಪ ಆರಿದ ಮೇಲೆ ಕೂರುವವರಿಗೆ ಎಷ್ಟು ದಿನ ಬೇಕೆಂದು ಮೊದಲು ಕೇಳಿ, ಆ ದಿನಗಳನ್ನು ಮೊದಲು ತೆಗೆದಿರಿಸಿ, ಉಳಿದದ್ದರಲ್ಲಿ ಎಷ್ಟು ಹಿಡಿಯಬಹುದೋ ಅಷ್ಟನ್ನೇ ಹಿಡಿಯುವುದು. ಆ ದಿನಗಳನ್ನು ಪಟ್ಟಿಯಲ್ಲಿ ಬರೆಯದಿದ್ದರೆ ಅವು ಇಲ್ಲವಾಗುವುದಿಲ್ಲ. ಯಾರದೋ ನಿದ್ದೆಯಿಂದ, ಯಾರದೋ ಮನೆಯ ಮದುವೆಯಿಂದ ವಸೂಲಾಗುತ್ತವೆ.

ಫಿಷರ್ 1895ರಲ್ಲಿ ಮೊದಲ ಭಾಗ ಪ್ರಕಟಿಸಿದಾಗ ಬ್ರೌನೆ ತೀರಿ ಮೂರು ವರ್ಷವಾಗಿತ್ತು. ಆದರೂ ಆ ಭಾಗದ ಮೇಲೆ ಎರಡು ಹೆಸರುಗಳಿವೆ, ಬ್ರೌನೆಯವರದು ಮೊದಲು, ಫಿಷರ್ ಅವರದು ಆಮೇಲೆ. ನಡಿಗೆಯ ರಾತ್ರಿ ಜೊತೆಗಿದ್ದವರನ್ನು ಲೆಕ್ಕದ ವರ್ಷಗಳಲ್ಲಿ ಫಿಷರ್ ಮರೆಯಲಿಲ್ಲ. ಇಂದಿನ ಸಿನಿಮಾ ಮುಗಿದಾಗ ಪರದೆಯ ಮೇಲೆ ಕೆಳಗಿನಿಂದ ಮೇಲಕ್ಕೆ ನೂರಾರು ಹೆಸರುಗಳು ಚಿಕ್ಕ ಅಕ್ಷರಗಳಲ್ಲಿ ಓಡುತ್ತವೆ. ಜನ ಎದ್ದು ಚಪ್ಪಲಿ ಹುಡುಕುತ್ತಿರುತ್ತಾರೆ. ನಾನೀಗ ಕೊನೆಯ ಹೆಸರು ಹೋಗುವವರೆಗೆ ಕೂತಿರುತ್ತೇನೆ.